ಏಳನೇ ಕ್ಲಾಸಿನ ಅರ್ಧ ವರ್ಷ

ದಸರಾ ರಜೆ ಮುಗಿದ ಮೇಲಿನ ಮೊದಲ ಶನಿವಾರ ನಮ್ಮ ಶಾಲೆಯಲ್ಲಿ ಪೋಷಕರ ಸಭೆ. ಬಿಜೂರು ದಾಟಿ ಶಿರೂರಿನ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಕಡಲಿನತ್ತ ಒಂದು ದಾರಿ ಇಳಿಯುತ್ತದೆ, ಅದರ ಕೊನೆಯಲ್ಲಿದೆ ಶಾಲೆ. ಒಂದರಿಂದ ಏಳರವರೆಗೆ ಎಲ್ಲ ಸೇರಿದರೂ ಮಕ್ಕಳು ಐವತ್ತು ದಾಟುವುದಿಲ್ಲ. ಮುಖ್ಯೋಪಾಧ್ಯಾಯಿನಿಯೂ ಸೇರಿ ನಾವು ಮೂವರು ಟೀಚರುಗಳು. ಏಳನೇ ತರಗತಿ ನನ್ನದು. ಆ ವರ್ಷ ಅದರಲ್ಲಿ ಒಂಬತ್ತು ಮಕ್ಕಳಿದ್ದರು.

ಏಳನೆಯದು ನಮ್ಮಲ್ಲಿ ಕೊನೆಯ ತರಗತಿ. ಮುಂದಿನ ಜೂನ್‌ನಲ್ಲಿ ಅವರೆಲ್ಲ ಬಸ್ಸು ಹತ್ತಿ ಹೈಸ್ಕೂಲಿಗೆ ಹೋಗಬೇಕಾದವರು. ಅದಕ್ಕೇ ಆ ಸಭೆಗೆ ನಾನು ಸ್ವಲ್ಪ ಹೆಚ್ಚೇ ತಯಾರಿ ಮಾಡಿಕೊಂಡಿದ್ದೆ. ರಜೆಯಲ್ಲಿ ಗುಲ್ವಾಡಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಮಾರ್ಚ್ ಕೊನೆಯವರೆಗೆ ಮಕ್ಕಳು ಏನೇನು ಕಲಿಯುತ್ತಾರೆ, ಏನೇನು ಮಾಡುತ್ತಾರೆ ಎಂದು ದೊಡ್ಡ ಬಿಳಿ ಹಾಳೆಯ ಮೇಲೆ ಬಣ್ಣದ ಪೆನ್ನಿನಿಂದ ಬರೆದಿದ್ದೆ. ಸಭೆಯಲ್ಲಿ ಅದನ್ನು ಗೋಡೆಗೆ ಅಂಟಿಸಿ ಒಂದೊಂದೇ ಓದಿದೆ. ಗಣಿತದಲ್ಲಿ ಸಮೀಕರಣ, ತ್ರಿಭುಜ. ವಿಜ್ಞಾನದಲ್ಲಿ ಬೆಳಕು, ವಿದ್ಯುತ್ತು, ಹೂವು ಕಾಯಾಗುವ ಬಗೆ. ಸಮಾಜದಲ್ಲಿ ಸಂವಿಧಾನ, ಆಮೇಲೆ ಅಮೆರಿಕ, ಆಸ್ಟ್ರೇಲಿಯಾ ಖಂಡಗಳು. ಪಾಠದ ಹೊರಗೆ ತಿಂಗಳಿಗೊಂದು ಗೋಡೆ ಪತ್ರಿಕೆ, ಶಾಲೆಯ ಹಿಂದೆ ಬಸಳೆ ಚಪ್ಪರ, ಡಿಸೆಂಬರಿನಲ್ಲಿ ಒಂದು ದಿನದ ಹೊರಸಂಚಾರ, ಫೆಬ್ರವರಿಯ ವಾರ್ಷಿಕೋತ್ಸವಕ್ಕೆ ಮಕ್ಕಳೇ ಬರೆದ ನಾಟಕ. ಇನ್ನೂ ಒಂದು ಇತ್ತು, ಅದು ನನ್ನದೇ ಯೋಚನೆ: ಏಳನೇ ಕ್ಲಾಸಿನ ಪ್ರತಿಯೊಬ್ಬರೂ ಒಂದನೇ ಕ್ಲಾಸಿನ ಒಂದು ಮಗುವಿಗೆ ದಿನಕ್ಕೆ ಅರ್ಧ ಗಂಟೆ ಓದಲು ಕಲಿಸುವುದು.

ಬಂದಿದ್ದ ತಾಯಂದಿರು ತಲೆಯಾಡಿಸಿದರು. ಒಬ್ಬರು, ಹೊರಸಂಚಾರಕ್ಕೆ ಬುತ್ತಿ ಕಟ್ಟಿಕೊಡಬೇಕಾ ಎಂದು ಕೇಳಿದರು. ಸಭೆ ಮುಗಿದು ಎಲ್ಲರೂ ಹೋದ ಮೇಲೂ ಒಬ್ಬ ಅಜ್ಜಿ ಬೆಂಚಿನಲ್ಲಿ ಕುಳಿತೇ ಇದ್ದರು. ಮನೆಮನೆಗೆ ಮೀನು ಮಾರುವವರು ಅವರು. ಆ ದಿನದ ಬುಟ್ಟಿ ಖಾಲಿ ಮಾಡಿ, ಕೈ ತೊಳೆದುಕೊಂಡು ನೇರ ಶಾಲೆಗೆ ಬಂದಿದ್ದರು. ಅವರ ಮೊಮ್ಮಗಳು ಜೂನ್‌ನಲ್ಲಿ ಮುಂಬೈಯಿಂದ ಬಂದು ನಮ್ಮಲ್ಲಿ ಏಳನೇ ತರಗತಿಗೆ ಸೇರಿದ್ದಳು.

"ಟೀಚ್ರೇ, ಇಷ್ಟೆಲ್ಲ ನಮ್ಮ ಹೆಣ್ಣಿಗೂ ಬತ್ತಾ? ಅದ್ಕ್ ಕನ್ನಡ ಅಕ್ಷರವೇ ಸಮ ಗೊತ್ತಿಲ್ಲೆ ಅಲ್ದಾ?" ಎಂದರು.

ನನಗೆ ಅದು ತಿಳಿದೇ ಇದೆ ಎಂದು ಅವರು ಅಂದುಕೊಂಡಿದ್ದರು. ತಿಳಿದಿರಲಿಲ್ಲ. ಹುಡುಗಿ ಮುಂಬೈಯಲ್ಲಿ ಆರನೆಯವರೆಗೆ ಮರಾಠಿ ಶಾಲೆಯಲ್ಲಿ ಓದಿದವಳು ಎಂಬುದು ದಾಖಲೆಯಲ್ಲಿತ್ತು, ಅದನ್ನು ನೋಡಿದ್ದೆ ಕೂಡ. ಆದರೆ ಅವಳು ಮನೆಯಲ್ಲಿ ಕೇಳಿ ಕಲಿತ ನಮ್ಮೂರ ಮಾತನ್ನೇ ಪಟಪಟ ಆಡುತ್ತಿದ್ದಳು. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ಹಿಂದಿ ಪಾಠವನ್ನಂತೂ ನನಗಿಂತ ಚೆನ್ನಾಗಿ ಓದುತ್ತಿದ್ದಳು. ಬೋರ್ಡಿನ ಮೇಲೆ ಬರೆದದ್ದನ್ನು ಅಚ್ಚುಕಟ್ಟಾಗಿ ಇಳಿಸಿಕೊಳ್ಳುತ್ತಿದ್ದಳು. ಚಿತ್ರ ನೋಡಿ ಚಿತ್ರ ಬರೆಯುವ ಹಾಗೆ ಅಕ್ಷರಗಳನ್ನು ನೋಡಿ ಬರೆಯುತ್ತಿದ್ದಾಳೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಆ ನಾಲ್ಕು ತಿಂಗಳಲ್ಲಿ ನನಗೆ ಸಮೀಕ್ಷೆಯ ಕೆಲಸ, ತರಬೇತಿ, ಒಂದು ವಾರ ಜ್ವರ. ಒಂಬತ್ತೇ ಮಕ್ಕಳಿದ್ದ ಕ್ಲಾಸಿನಲ್ಲಿ ಒಬ್ಬಳಿಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಾಗದೆ ಹೋದದ್ದಕ್ಕೆ ಇವು ಯಾವುವೂ ಕಾರಣವಾಗಲಾರವು. ಆದರೂ ಅಜ್ಜಿಯ ಎದುರಿಗೆ ಅವನ್ನೇ ಹೇಳಿದೆ. ಅವರು ಪಾಪ, ನನ್ನನ್ನೇ ಸಮಾಧಾನ ಮಾಡಿದರು.

ಸೋಮವಾರ ಊಟದ ಬಿಡುವಿನಲ್ಲಿ ಅವಳನ್ನು ಕರೆದು, ಅವಳು ನೋಡಿರದ ಒಂದು ಕಥೆಯ ಪುಸ್ತಕ ತೆರೆದುಕೊಟ್ಟೆ. ಅವಳು ಪುಟವನ್ನೇ ನೋಡುತ್ತಾ ನಿಂತಳು. ಆಮೇಲೆ ತನ್ನ ನೋಟುಬುಕ್ಕು ತಂದು ಕೊನೆಯ ಪುಟ ತೋರಿಸಿದಳು. ಗೋಡೆಗೆ ಅಂಟಿಸಿದ ನನ್ನ ಪಟ್ಟಿಯನ್ನು ಗೆಳತಿಯೊಬ್ಬಳಿಂದ ಓದಿಸಿ, ಪೂರ್ತಿಯಾಗಿ ಬರೆದುಕೊಂಡಿದ್ದಳು. ಮಾತು ಕನ್ನಡದ್ದು, ಅಕ್ಷರ ಮರಾಠಿಯದು. ಸಮೀಕರಣ, ಬಸಳೆ ಚಪ್ಪರ, ಗೋಡೆ ಪತ್ರಿಕೆ ಎಲ್ಲವೂ ತಲೆಗೆರೆ ಹೊತ್ತು ಸಾಲಾಗಿ ಕುಳಿತಿದ್ದವು.

ಅಂದಿನಿಂದ ಊಟದ ಬಿಡುವಿನಲ್ಲಿ ಅವಳಿಗೆ ಕಲಿಸತೊಡಗಿದೆ. ಅಕ್ಷರವೇ ಅರಿಯದವರಿಗೆ ಕಲಿಸುವುದು ಬೇರೆ, ಒಂದು ಲಿಪಿ ಬಲ್ಲವಳಿಗೆ ಇನ್ನೊಂದನ್ನು ಕಲಿಸುವುದು ಬೇರೆ. ಬಿಡಿ ಅಕ್ಷರಗಳು ಹತ್ತು ದಿನದಲ್ಲಿ ಬಂದವು. ತೊಡಕಾದದ್ದು ಬೇರೆ ಕಡೆ. ಮರಾಠಿಯಲ್ಲಿ ನಮ್ಮ ಗಿಡ್ಡ ಎ, ಗಿಡ್ಡ ಒ ಇಲ್ಲ. ಓದುವಾಗ ಅವಳ ಬಾಯಲ್ಲಿ ಕೊಡೆ 'ಕೋಡೆ' ಆಗುತ್ತಿತ್ತು, ಮನೆ 'ಮನೇ' ಆಗುತ್ತಿತ್ತು. ಧರ್ಮ ಎಂದು ಬರೆದರೆ 'ಧಮರ' ಎಂದು ಓದುವಳು. ಆ ಕೊನೆಯ ಅರ್ಕಾವೊತ್ತಿನ ಗುರುತನ್ನು ಮೊದಲೇ ಉಚ್ಚರಿಸಬೇಕು ಎಂದು ನಾನು ಎರಡು ದಿನ ಹೇಳಿದೆ. ಮೂರನೆಯ ದಿನ ಅವಳೇ ಕಂಡುಕೊಂಡಳು. "ಮರಾಠಿಯಗೆ ಇದ್ ತಲಿ ಮೇಲ್ ಕೂಕಂತ್ತ್, ಇಲ್ಲ್ ಬದಿಗ್ ನಿತ್ಕಂತ್ತ್, ಅಷ್ಟೇ ಅಲ್ದಾ ಟೀಚ್ರೇ?" ಎಂದಳು. ಅಷ್ಟೇ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದಿರಲಿಲ್ಲ.

ಒಂದನೇ ಕ್ಲಾಸಿನ ಮಕ್ಕಳನ್ನು ಹಂಚುವ ದಿನ ಅವಳು ಶಾಲೆಗೆ ಬರಲಿಲ್ಲ. ಮರುದಿನ ಬಂದವಳನ್ನು ಕೇಳಿದರೆ ಹೊಟ್ಟೆನೋವು ಎಂದಳು. ನನಗೆ ಅರ್ಥವಾಯಿತು. ತನಗೇ ಸರಿಯಾಗಿ ಓದಲು ಬಾರದಿರುವಾಗ ಕಲಿಸುವುದೇನನ್ನು? ಆದರೂ ನಾನು ಅವಳಿಗೆ ಒಂದು ಮಗುವನ್ನು ಕೊಟ್ಟೆ. ಮಾತೇ ಆಡದ, ಸದಾ ಕೊಡೆಯ ಹಿಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೂರುವ ಪುಟ್ಟ ಹುಡುಗಿ. ಇಬ್ಬರೂ ಜಗಲಿಯ ಕಂಬದ ಹತ್ತಿರ ಕೂರುತ್ತಿದ್ದರು. ನಿನ್ನೆ ನನ್ನಿಂದ ಕಲಿತ ಒತ್ತಕ್ಷರವನ್ನು ಇವಳು ಇವತ್ತು ಅವಳ ಸ್ಲೇಟಿನ ಮೇಲೆ ಬರೆಯುವಳು. ಅಕ್ಕ, ಅಮ್ಮ, ಹಣ್ಣು, ಬೆಕ್ಕು. ಇವಳು ಇನ್ನೊಬ್ಬರಿಗೆ ಹೇಳಿಕೊಡುತ್ತಲೇ ತಾನು ಕಲಿತಳು. ನವೆಂಬರ್ ಕೊನೆಯ ಹೊತ್ತಿಗೆ ಆ ಪುಟ್ಟ ಹುಡುಗಿ ಕೊಡೆಯ ಹಿಡಿ ಬಿಟ್ಟು ಬಾಯಿ ತೆರೆದು ಓದತೊಡಗಿದಳು. ಅದರ ಅಮ್ಮ ಬಂದು, ಮನೆಯಲ್ಲಿ ಈಗ ಕ್ಯಾಲೆಂಡರನ್ನೂ ಬಿಡದೆ ಓದುತ್ತಾಳೆ ಎಂದು ಹೇಳಿ ಹೋದರು.

ಡಿಸೆಂಬರಿನ ಹೊರಸಂಚಾರಕ್ಕೆ ಬ್ರಹ್ಮಾವರದ ಕಡೆಯ ಒಂದು ಹಂಚಿನ ಕಾರ್ಖಾನೆಗೆ ಹೋದೆವು. ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕುಳಿತಿದ್ದಳು. ಕುಂದಾಪುರ ದಾಟುವಾಗ ನನ್ನ ಗಮನಕ್ಕೆ ಬಂತು, ಅವಳು ರಸ್ತೆ ಬದಿಯ ಬೋರ್ಡುಗಳನ್ನು ಒಂದೂ ಬಿಡದೆ ಓದುತ್ತಿದ್ದಳು, ಮೆಲ್ಲಗೆ, ತುಟಿಯಲ್ಲಿ. ಹಾರ್ಡ್‌ವೇರ್ ಅಂಗಡಿ, ಹಲ್ಲಿನ ಡಾಕ್ಟರು, ಮದುವೆ ಹಾಲ್, ತೆಂಗಿನ ಸಸಿ ಸಿಗುತ್ತದೆ. ಬಸ್ಸು ಜೋರು ಹೋದಾಗ ಅರ್ಧಕ್ಕೇ ತಪ್ಪಿಹೋಗುತ್ತಿತ್ತು, ಆಗ ಕುತ್ತಿಗೆ ತಿರುಗಿಸಿ ಹಿಂದೆ ನೋಡುವಳು. ಉಳಿದ ಮಕ್ಕಳು ಹಾಡು ಹೇಳುತ್ತಿದ್ದರು. ಕಾರ್ಖಾನೆಯಲ್ಲಿ ಮಣ್ಣು ಹದಮಾಡುವುದನ್ನೂ ಗೂಡಿನಲ್ಲಿ ಹಂಚು ಸುಡುವುದನ್ನೂ ನೋಡಿ ಬಂದೆವು. ಮರುವಾರದ ಗೋಡೆ ಪತ್ರಿಕೆಗೆ ಅವಳು ಅದರ ಬಗ್ಗೆ ಎಂಟು ಸಾಲು ಬರೆದಳು. ಐದು ತಪ್ಪಿದ್ದವು. ತಿದ್ದದೆ ಹಾಗೆಯೇ ಅಂಟಿಸಿದೆ.

ಇಷ್ಟು ಆದದ್ದು ನಿಜವಾಗಿ ಆದದ್ದೇ. ಇದನ್ನು ಇಲ್ಲಿಗೇ ನಿಲ್ಲಿಸಲು ಬರುವುದಿದ್ದರೆ ಎಷ್ಟು ಒಳ್ಳೆಯದಿತ್ತು.

ಜನವರಿ ಎರಡನೇ ವಾರದಲ್ಲಿ ಅವಳ ಅಪ್ಪ ಬಂದರು. ಮುಂಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಅವರಿಗೆ. ಬೆಳಿಗ್ಗೆಯ ಬಸ್ಸಿನಲ್ಲಿ ಇಳಿದವರು ಮನೆಗೂ ಸರಿಯಾಗಿ ಹೋಗದೆ ಶಾಲೆಗೆ ಬಂದಂತಿತ್ತು. ಕಣ್ಣು ಊದಿಕೊಂಡಿತ್ತು. ಕುರ್ಚಿ ಕೊಟ್ಟರೂ ಕೂರಲಿಲ್ಲ. ವಿಷಯ ಇಷ್ಟು: ಹೆಂಡತಿಗೆ ಎಂಟನೇ ತಿಂಗಳಿಗೇ ಹೆರಿಗೆಯಾಗಿದೆ, ಆಪರೇಷನ್ ಮಾಡಿ ತೆಗೆದದ್ದು, ಗಂಡು ಮಗು, ತೀರಾ ಸಣ್ಣದು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿಟ್ಟು ಈಗ ಮನೆಗೆ ಕಳಿಸಿದ್ದಾರೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಮಗಳನ್ನು ಕರೆದುಕೊಂಡು ಹೋಗಬೇಕು, ಟೀಸಿ ಬೇಕು.

ಬಾಣಂತನಕ್ಕೆ ಇಲ್ಲಿಗೇ ಕರೆತರಬಹುದಲ್ಲ ಎಂದೆ. ಮಗುವನ್ನು ಅಷ್ಟು ದೂರ ಪ್ರಯಾಣ ಮಾಡಿಸಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಹಾಗಿದ್ದರೆ ಅಜ್ಜಿ ಅಲ್ಲಿಗೆ ಹೋಗಬಹುದಲ್ಲ ಎಂದೆ. ಅಜ್ಜನಿಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು, ಅವರನ್ನು ಎತ್ತಿ ಕೂರಿಸಲೂ ಅಜ್ಜಿಯೇ ಬೇಕು. ಹೆಂಡತಿಯ ತವರಿನಲ್ಲಿ? ಅತ್ತೆ ತೀರಿಹೋಗಿದ್ದಾರೆ. ಅಕ್ಕಪಕ್ಕದವರು? ಎಲ್ಲರೂ ಕೆಲಸಕ್ಕೆ ಹೋಗುವವರು. ನಾನು ಒಂದೊಂದೇ ಬಾಗಿಲು ತಟ್ಟುತ್ತಾ ಹೋದೆ. ಅವರು ಅವನ್ನೆಲ್ಲ ನನಗಿಂತ ಮೊದಲೇ ತಟ್ಟಿ ಬಂದಿದ್ದರು.

"ಮಾರ್ಚ್ ತನಕ ಆದ್ರೂ ಬಿಡಿ. ಅದ್ ಈಗಷ್ಟೇ ಓದುಕ್ ಕಲ್ತದ್," ಎಂದೆ.

"ನಂಗೂ ಗೊತ್ತಿತ್ ಟೀಚ್ರೇ," ಎಂದರು ಅವರು. "ಫೋನಗೆ ನಂಗೆ ಓದಿ ಹೇಳಿತ್ತ್. ಆರೆ ಎಂತ ಮಾಡುದ್? ಅಲ್ಲ್ ಮಗಿನ್ ಹಿಡ್ಕಂಬುಕೆ ಒಂದ್ ಜನ ಬೇಕಲ್ದಾ."

ಬೈದಿದ್ದರೆ, ಹೆಣ್ಣುಮಕ್ಕಳಿಗೆ ಓದು ಯಾಕೆ ಎಂದಿದ್ದರೆ ನಾನೂ ಜಗಳ ಆಡುತ್ತಿದ್ದೆ. ಅವರು ಹಾಗೆ ಹೇಳುವ ಮನುಷ್ಯ ಆಗಿರಲಿಲ್ಲ.

ಅವರು ಹೋದ ಮೇಲೆ ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋದೆ. ನಿವೃತ್ತಿಗೆ ಎರಡು ವರ್ಷ ಇದ್ದವರು, ಇಂಥವನ್ನು ಬೇಕಾದಷ್ಟು ಕಂಡವರು. ವರ್ಷದ ನಡುವೆ ಟೀಸಿ ಕೊಡುವುದು ಬೇಡ, ಏನಾದರೂ ಕಾರಣ ಹೇಳಿ ಮುಂದೆ ಹಾಕೋಣ ಎಂದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ನಾವ್ ಟೀಸಿ ಕೊಡ್ದಿದ್ರೆ ಅದ್ ಇಲ್ಲೇ ಉಳಿತ್ತ್ ಅಂದ್ಕಂಡಿದ್ಯಾ ಮಾರಾಯ್ತಿ? ಟೀಸಿ ಇಲ್ದೇ ಹೋತ್ತ್. ಅಷ್ಟೇ ವ್ಯತ್ಯಾಸ."

ಆ ಸಂಜೆ ಮನೆಗೆ ಹೋಗುವ ಬಸ್ಸು ಬಿಟ್ಟು ಅವರ ಮನೆಗೆ ಹೋದೆ. ಯಾಕೆ ಹೋದೆನೋ, ಹೇಳುವುದಕ್ಕೆ ಹೊಸದೇನೂ ಇರಲಿಲ್ಲ. ಅಜ್ಜ ಮಂಚದಲ್ಲಿ ಮಲಗಿದ್ದರು, ನನ್ನನ್ನು ನೋಡಿ ಒಂದು ಕೈ ಎತ್ತಿದರು. ಹುಡುಗಿ ಅವರಿಗೆ ಗಂಜಿ ತಿನ್ನಿಸುತ್ತಿದ್ದಳು. ಅಜ್ಜಿ ನನಗೆ ಚಾ ಕೊಟ್ಟು ಎದುರಿಗೆ ಕುಳಿತು, ಬಂಗುಡೆ ಮೀನು ಈ ಸಲ ಸರಿಯಾಗಿ ಸಿಗುತ್ತಿಲ್ಲ ಎಂಬ ಮಾತು ಆಡಿದರು. ಯಾರೂ ಆ ವಿಷಯ ತೆಗೆಯಲಿಲ್ಲ. ಎದ್ದು ಹೊರಟಾಗ ಅಜ್ಜಿ ಅಂಗಳದ ತುದಿಯವರೆಗೆ ಬಂದರು. ಹುಡುಗಿ ಹೋದ ಮೇಲೆ ಅಜ್ಜನ ಹತ್ತಿರ ಬೆಳಿಗ್ಗೆ ಸಂಜೆ ಯಾರೂ ಇರುವುದಿಲ್ಲ, ತಾನಿನ್ನು ದೂರದ ಮನೆಗಳಿಗೆ ಮೀನು ಹೊರುವುದನ್ನು ಬಿಡಬೇಕು ಎಂದರು. ಅವಳು ಇಲ್ಲಿಯೂ ಒಬ್ಬರ ಕೈಗೆ ಕೈಯಾಗಿದ್ದಳು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಶಾಲೆಯ ಗೇಟಿನ ಒಳಗೆ ಮಾತ್ರ ಅವಳು ಬರೀ ಏಳನೇ ಕ್ಲಾಸಿನ ಹುಡುಗಿ.

ನನ್ನಿಂದ ಮಾಡಲಾದದ್ದು ಒಂದೇ ಕೆಲಸ. ಬೇರೆ ರಾಜ್ಯಕ್ಕೆ ಹೋಗುವ ಟೀಸಿಗೆ ಶಿಕ್ಷಣಾಧಿಕಾರಿಯ ರುಜು ಬೇಕಾಗುತ್ತದೆ. ಅದಿಲ್ಲದಿದ್ದರೆ ಅಲ್ಲಿಯ ಶಾಲೆಯವರು ವಾಪಸು ಕಳಿಸುತ್ತಾರೆ, ಆ ಅಪ್ಪನಿಗೆ ಮತ್ತೆ ಬರಲು ರಜೆ ಸಿಗುವುದಿಲ್ಲ. ಟೀಸಿಯನ್ನು ನಾನೇ ಬರೆದೆ. ಬಿಡುವ ಕಾರಣ ಎಂಬ ಜಾಗದಲ್ಲಿ 'ಪೋಷಕರ ಕೋರಿಕೆ ಮೇರೆಗೆ' ಎಂದು ಬರೆಯುವುದು ವಾಡಿಕೆ, ಹಾಗೆಯೇ ಬರೆದೆ. ಅರ್ಧ ದಿನ ರಜೆ ಹಾಕಿ ಬೈಂದೂರಿಗೆ ಹೋಗಿ, ಮಧ್ಯಾಹ್ನದವರೆಗೆ ಕಾದು ರುಜು ಹಾಕಿಸಿಕೊಂಡು ಬಂದೆ. ಅವಳನ್ನು ಉಳಿಸಿಕೊಳ್ಳಲು ಆಗದ ನಾನು ಅವಳನ್ನು ಕಳಿಸುವ ಕೆಲಸವನ್ನು ಮಾತ್ರ ಒಂದು ಚೂರೂ ತಪ್ಪಿಲ್ಲದೆ ಮಾಡಿ ಮುಗಿಸಿದೆ.

ಕೊನೆಯ ದಿನ ಅವಳು ಯೂನಿಫಾರ್ಮಿನಲ್ಲೇ ಬಂದಳು. ಅಪ್ಪ ಹೊರಗೆ ಸಂಪಿಗೆ ಮರದ ಕೆಳಗೆ ನಿಂತಿದ್ದರು. ನಾಟಕದಲ್ಲಿ ಅವಳದು ಡಾಕ್ಟರ ಪಾತ್ರ, ಅದರ ಮಾತುಗಳನ್ನು ಬರೆದಿಟ್ಟ ಹಾಳೆಯನ್ನು ಇನ್ನೊಬ್ಬ ಹುಡುಗಿಯ ಕೈಗೆ ಕೊಟ್ಟಳು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವಳ ಓದಿನ ಬಗ್ಗೆ ಏನಾದರೂ ಕೇಳುತ್ತಾಳೆ, ಅದಕ್ಕೆ ಹೀಗೆ ಹೀಗೆ ಉತ್ತರ ಹೇಳಬೇಕು ಎಂದು ನಾನು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ.

"ಟೀಚ್ರೇ, ನಾ ಹೋದ್ಮೇಲೆ ಆ ಸಣ್ಣದಕ್ಕೆ ಯಾರ್ ಹೇಳಿಕೊಡುದ್?" ಎಂದು ಕೇಳಿದಳು.

ನಾನೇ ಹೇಳಿಕೊಡುತ್ತೇನೆ ಎಂದೆ. ಅವಳು ತಲೆಯಾಡಿಸಿದಳು. ದೀರ್ಘ ಮುಗಿದಿದೆ, ಒತ್ತಕ್ಷರ ಅರ್ಧ ಆಗಿದೆ ಎಂದು ಲೆಕ್ಕ ಒಪ್ಪಿಸಿದಳು. ನಾನು ಎರಡು ಕಥೆ ಪುಸ್ತಕ ಕೊಟ್ಟೆ. ಅಪ್ಪ ಕರೆದರು. ಜಗಲಿಯ ಮೆಟ್ಟಿಲು ಇಳಿದು ಇಬ್ಬರೂ ಹೆದ್ದಾರಿಯ ಕಡೆಗೆ ನಡೆದರು. ನನಗೆ ಆ ಹೊತ್ತಿಗೆ ಐದನೇ ತರಗತಿಯಲ್ಲಿ ಪಾಠವಿತ್ತು, ಹೋದೆ.

ಪುಟ್ಟ ಹುಡುಗಿ ನಾಲ್ಕು ದಿನ ಅದೇ ಕಂಬದ ಹತ್ತಿರ ಒಬ್ಬಳೇ ಕುಳಿತಳು. ನಾನು ಕರೆದರೆ ಬರಲಿಲ್ಲ. ಐದನೆಯ ದಿನ ಬೇರೆ ಮಕ್ಕಳ ಗುಂಪಿಗೆ ಸೇರಿಕೊಂಡಳು. ನಾನು ಹೇಳಿಕೊಡುತ್ತೇನೆ ಎಂದದ್ದನ್ನು ಒಂದೆರಡು ವಾರ ನಡೆಸಿದೆ, ಆಮೇಲೆ ವಾರ್ಷಿಕೋತ್ಸವದ ಗಡಿಬಿಡಿ, ಪರೀಕ್ಷೆ. ಏಳನೇ ಕ್ಲಾಸಿನ ಎಂಟು ಮಕ್ಕಳು ಮಾರ್ಚ್ ಕೊನೆಯಲ್ಲಿ ಪರೀಕ್ಷೆ ಬರೆದು, ಸಿಹಿ ಹಂಚಿ, ಅತ್ತು, ಗ್ರೂಪ್ ಫೋಟೋ ತೆಗೆಸಿಕೊಂಡು ಹೋದರು.

ಫೆಬ್ರವರಿಯಲ್ಲಿ ಒಮ್ಮೆ ಆ ಅಪ್ಪನಿಗೆ ಫೋನ್ ಮಾಡಿದ್ದೆ. ಅಲ್ಲಿಯ ಶಾಲೆಯವರು ಈಗ ವರ್ಷದ ಕೊನೆ, ಜೂನ್‌ನಲ್ಲಿ ಬನ್ನಿ ಎಂದಿದ್ದಾರೆ ಎಂದರು. ಜೂನ್‌ನಲ್ಲಿ ನಮ್ಮ ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ ಮತ್ತೆ ಮಾಡಿದೆ. ಈ ಸಲ ಎತ್ತಿದ್ದು ತಾಯಿ. ಮಗು ಈಗ ಚೆನ್ನಾಗಿದೆ, ತೂಕ ಬಂದಿದೆ, ತಾನು ಮತ್ತೆ ಕೆಲಸಕ್ಕೆ ಹೋಗತೊಡಗಿದ್ದೇನೆ, ಇವತ್ತು ರಜೆ ಎಂದರು. ಮಗಳ ಶಾಲೆಯ ಮಾತು ತೆಗೆಯುವ ಮೊದಲೇ ಫೋನನ್ನು ಅವಳ ಕೈಗೆ ಕೊಟ್ಟರು.

ಅವಳ ದನಿ ಸ್ವಲ್ಪ ದಪ್ಪವಾಗಿತ್ತು. ಅವಳು ಮೊದಲು ಕೇಳಿದ್ದು ನಾಟಕದ ಬಗ್ಗೆ. "ನನ್ ಪಾರ್ಟ್ ಯಾರ್ ಮಾಡ್ರ್?"

ಹೇಳಿದೆ. ಡಾಕ್ಟರ ಪಾತ್ರದವಳು ಸ್ಟೆತಸ್ಕೋಪನ್ನು ರೋಗಿಯ ಮೊಣಕಾಲಿಗೆ ಇಟ್ಟದ್ದು, ಜನ ಬಿದ್ದು ಬಿದ್ದು ನಕ್ಕಿದ್ದು, ರೋಗಿಯೂ ನಕ್ಕು ಮಾತು ಮರೆತದ್ದು, ಎಲ್ಲ ಹೇಳಿದೆ. ಅವಳೂ ನಕ್ಕಳು. ಬಸಳೆ ಚಪ್ಪರದ ಬಗ್ಗೆ ಕೇಳಿದಳು, ಯಾರು ಯಾರು ಯಾವ ಹೈಸ್ಕೂಲಿಗೆ ಸೇರಿದರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದಳು. ನಾನೂ ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋದೆ, ಅವಳನ್ನು ಕೇಳಬೇಕಾದ ಮಾತನ್ನು ಮುಂದೆ ಮುಂದೆ ಹಾಕುತ್ತಾ. ಕೊನೆಗೆ ಕೇಳಲೇಬೇಕಾಯಿತು. ನೀನು ಶಾಲೆಗೆ ಹೋಗುವುದು ಯಾವಾಗ ಎಂದೆ.



"ಗೊತ್ತಿಲ್ಲೆ ಟೀಚ್ರೇ. ತಮ್ಮ ನಡುಕೆ ಕಲ್ತ್ ಮೇಲೆ ಅಂದ್ ಹೇಳಿರ್ ಅಮ್ಮ."

ಅಷ್ಟರಲ್ಲಿ ಮಗು ಅತ್ತಿತು. ಇಡುತ್ತೇನೆ ಟೀಚರೇ ಎಂದು ಫೋನ್ ಇಟ್ಟಳು. ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಬೆರಳು ಮಡಚಿದೆ. ಮಗುವಿಗೆ ಆರು ತಿಂಗಳು. ತಿಂಗಳು ತುಂಬದೆ ಹುಟ್ಟಿದ್ದು, ನಡೆಯುವುದು ತಡವಾಗಬಹುದು. ಬೇಗ ಎಂದರೂ ಇನ್ನೊಂದು ಫೆಬ್ರವರಿ, ಮತ್ತೆ ವರ್ಷದ ಕೊನೆ.

ಆಮೇಲೆ ಮೂರು ಸಲ ಪ್ರಯತ್ನಿಸಿದೆ, ಆ ನಂಬರಿಗೆ ಕರೆ ಹೋಗುತ್ತಿಲ್ಲ. ಅಲ್ಲಿಯ ಶಾಲೆಗಳ ಬಗ್ಗೆ ವಿಚಾರಿಸಲು ಯಾರಾದರೂ ಸಿಗುತ್ತಾರೆಯೇ ಎಂದು ಮುಂಬೈಯಲ್ಲಿರುವ ನಮ್ಮೂರಿನ ಒಬ್ಬಿಬ್ಬರಿಗೆ ಹೇಳಿಟ್ಟಿದ್ದೇನೆ. ನೋಡುತ್ತೇವೆ ಎಂದಿದ್ದಾರೆ. ಅಜ್ಜಿ ಈಗ ಹತ್ತಿರದ ನಾಲ್ಕೈದು ಮನೆಗಳಿಗೆ ಮಾತ್ರ ಮೀನು ತರುತ್ತಾರೆ. ಬೆಳಿಗ್ಗೆ ನಾನು ಬಸ್ಸಿಳಿದು ಬರುವಾಗ ಕೆಲವೊಮ್ಮೆ ದಾರಿಯಲ್ಲಿ ಸಿಗುತ್ತಾರೆ. ಮೊಮ್ಮಗಳು ಹೇಗಿದ್ದಾಳೆ ಎಂದು ಕೇಳುತ್ತೇನೆ. ಆರಾಮಿದ್ದಾಳಂತೆ ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ನಾನೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಅಜ್ಜನಿಗೆ ಗಂಜಿಯ ಹೊತ್ತಾಯಿತೆಂದು ಅವರು ಒಳದಾರಿಗೆ ತಿರುಗುತ್ತಾರೆ, ಪ್ರಾರ್ಥನೆಯ ಬೆಲ್ಲಾಗುವ ಮೊದಲು ಮುಟ್ಟಬೇಕೆಂದು ನಾನು ಬೇಗ ಬೇಗ ಹೆಜ್ಜೆ ಹಾಕುತ್ತೇನೆ.